ಎಸ್ಕಾಮ್‌ನ ಕುರ್ಚಿ: ಯಾರು ಕೂರಿಸಿದರು, ಯಾರು ಎಬ್ಬಿಸಿದರು

2015ರ ಮಾರ್ಚ್ 11. ಜೋಹಾನ್ಸ್‌ಬರ್ಗ್‌ನ ಮೆಗಾವಾಟ್ ಪಾರ್ಕ್ ಎಂಬ ಕಚೇರಿಯಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ನ ನಿರ್ದೇಶಕ ಮಂಡಳಿ ಸೇರಿತ್ತು. ಅಂದಿನ ಸಭೆಗಳು ಮುಗಿಯುವ ಹೊತ್ತಿಗೆ ಕಂಪನಿಯ ನಾಲ್ವರು ದೊಡ್ಡ ಅಧಿಕಾರಿಗಳನ್ನು ಒಟ್ಟಿಗೇ ಮನೆಗೆ ಕಳಿಸುವ ತೀರ್ಮಾನ ಆಗಿತ್ತು. ಸಿಇಓ ತ್ಶೆಡಿಸೊ ಮಟೋನಾ, ಹಣಕಾಸು ನಿರ್ದೇಶಕಿ ತ್ಶೊಲೊಫೆಲೊ ಮೊಲೆಫೆ, ಹೊಸ ಸ್ಥಾವರಗಳ ನಿರ್ಮಾಣ ನೋಡಿಕೊಳ್ಳುತ್ತಿದ್ದ ಡ್ಯಾನ್ ಮರೊಕಾನೆ, ತಾಂತ್ರಿಕ ವಿಭಾಗದ ಮಟ್ಶೆಲಾ ಕೊಕೊ. ಇವರು ತಪ್ಪು ಮಾಡಿದ್ದಾರೆ ಅಂತ ಕಂಪನಿ ಹೇಳಲಿಲ್ಲ. ಒಂದು ವಿಚಾರಣೆ ನಡೆಸಬೇಕಿದೆ, ಅದು ಮುಗಿಯುವವರೆಗೆ ದೂರ ಇರಿ ಅಂದಿತು, ಅಷ್ಟೇ.

ಆ ದಿನಗಳಲ್ಲಿ ದೇಶದಲ್ಲಿ ಲೋಡ್ ಶೆಡ್ಡಿಂಗ್ ನಡೆಯುತ್ತಿತ್ತು. ಮನೆಗೆ ಬೆಂಕಿ ಬಿದ್ದಿರುವಾಗ ನೀರು ಎರಚುತ್ತಿದ್ದ ನಾಲ್ವರನ್ನು ಕರೆದು ಹೊರಗೆ ನಿಲ್ಲಿ ಅಂದ ಹಾಗಿತ್ತು ಅದು. ಹಾಗೆ ಮಾಡುವ ತುರ್ತು ಯಾರಿಗಿತ್ತು? ಎಸ್ಕಾಮ್ ಕತೆ ಓದುವಾಗ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು. ಸರ್ಕಾರಿ ಕಂಪನಿ ಮುಳುಗಿದಾಗ ನಾವು ಸಾಮಾನ್ಯವಾಗಿ "ಮೇಲೆ ಕೂತವರು ಸರಿಯಿಲ್ಲ" ಅಂದುಬಿಡುತ್ತೇವೆ. ಎಸ್ಕಾಮ್‌ನಲ್ಲಿ ಕೂತವರು ಎಷ್ಟು ಸಲ ಬದಲಾದರು ಅಂತ ಲೆಕ್ಕ ಹಾಕಿದರೆ ಆ ಮಾತು ಸಾಲದು ಅನ್ನಿಸುತ್ತದೆ. ಕೂರಿಸುವ, ಎಬ್ಬಿಸುವ ಕೆಲಸ ಎಲ್ಲಿ ನಡೆಯಿತು ಅನ್ನುವುದೇ ಇಲ್ಲಿ ದೊಡ್ಡ ವಿಷಯ.

(ಕರ್ನಾಟಕದ ಎಸ್ಕಾಂಗಳಿಗೂ ಈ ಕಂಪನಿಗೂ ಸಂಬಂಧವಿಲ್ಲ. ಹೆಸರು ಮಾತ್ರ ಒಂದೇ ತರ ಕೇಳಿಸುತ್ತದೆ.)

ಮೊದಲು ಚೆನ್ನಾಗಿಯೇ ಇತ್ತು

ಎಸ್ಕಾಮ್ ಹುಟ್ಟಿದ್ದು 1923ರಲ್ಲಿ. ದೇಶದ ವಿದ್ಯುತ್ತಿನ ಬಹುಪಾಲನ್ನು ಉತ್ಪಾದಿಸುವುದು, ಸಾಗಿಸುವುದು ಅದೇ. ಹೆಚ್ಚಿನ ಸ್ಥಾವರಗಳು ಕಲ್ಲಿದ್ದಲಿನವು, ಎಂಪುಮಲಂಗಾ ಪ್ರಾಂತ್ಯದ ಗಣಿಗಳ ಪಕ್ಕದಲ್ಲೇ ಇವೆ. ಒಂದು ಕಾಲದಲ್ಲಿ ಅಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ವಿದ್ಯುತ್ ಇತ್ತು, ದರವೂ ಜಗತ್ತಿನಲ್ಲೇ ಕಡಿಮೆಯವುಗಳಲ್ಲಿ ಒಂದು.

1998ರಲ್ಲಿ ಸರ್ಕಾರವೇ ಒಂದು ಇಂಧನ ನೀತಿ ಪತ್ರ ಹೊರಡಿಸಿತು. ಹೆಚ್ಚುವರಿ ಸಾಮರ್ಥ್ಯವೆಲ್ಲ 2007ರ ಹೊತ್ತಿಗೆ ಮುಗಿದುಹೋಗುತ್ತದೆ, ಈಗಲೇ ಹೊಸದಕ್ಕೆ ತಯಾರಾಗಬೇಕು ಅಂತ ಅದರಲ್ಲಿ ಬರೆದಿತ್ತು. ಆಮೇಲೆ ಆಗಿದ್ದೇನು? ಖಾಸಗಿಯವರು ಬಂದು ಸ್ಥಾವರ ಕಟ್ಟಲಿ ಅಂತ ಸರ್ಕಾರ ಕಾದು ಕೂತಿತು. ಎಸ್ಕಾಮ್‌ಗೆ ಕಟ್ಟಲು ಅನುಮತಿ ಕೊಡಲಿಲ್ಲ. ಖಾಸಗಿಯವರೂ ಬರಲಿಲ್ಲ, ಯಾಕೆಂದರೆ ಅಷ್ಟು ಅಗ್ಗದ ದರಕ್ಕೆ ಯಾರಿಗೂ ಲಾಭ ಕಾಣಲಿಲ್ಲ. 2004ರಲ್ಲಿ ಮನಸ್ಸು ಬದಲಾಯಿತು, ಆದರೆ ಕಲ್ಲಿದ್ದಲು ಸ್ಥಾವರ ಒಂದೆರಡು ವರ್ಷದಲ್ಲಿ ಏಳುವಂಥದ್ದಲ್ಲ.

ನೀತಿ ಪತ್ರ ಹೇಳಿದ್ದ ವರ್ಷಕ್ಕೇ ಕತ್ತಲೆ ಬಂತು. 2008ರ ಜನವರಿಯಲ್ಲಿ ಚಿನ್ನ, ಪ್ಲಾಟಿನಂ ಗಣಿಗಳು ಕೆಲವು ದಿನ ಕೆಲಸ ನಿಲ್ಲಿಸಬೇಕಾಯಿತು. ಆಗಿನ ಅಧ್ಯಕ್ಷ ಥಾಬೊ ಎಂಬೆಕಿ ಅದಕ್ಕೆ ಸ್ವಲ್ಪ ಮೊದಲು, 2007ರ ಡಿಸೆಂಬರ್‌ನಲ್ಲಿ, ಎಸ್ಕಾಮ್ ಹೇಳಿದ್ದೇ ಸರಿ, ಸರ್ಕಾರ ತಪ್ಪು ಮಾಡಿತು ಅಂತ ಬಹಿರಂಗವಾಗಿ ಒಪ್ಪಿಕೊಂಡಿದ್ದರು. ಒಬ್ಬ ರಾಷ್ಟ್ರಾಧ್ಯಕ್ಷ ಹೀಗೆ ನೇರವಾಗಿ ತಪ್ಪು ಒಪ್ಪಿಕೊಳ್ಳುವುದು ಅಪರೂಪ. ಅದನ್ನು ಗೌರವದಿಂದಲೇ ನೆನೆಯುತ್ತೇನೆ.

ತಡವನ್ನು ತುಂಬಲು ಎರಡು ದೈತ್ಯ ಸ್ಥಾವರಗಳ ಕೆಲಸ ಶುರುವಾಯಿತು. ಲಿಂಪೊಪೊ ಪ್ರಾಂತ್ಯದಲ್ಲಿ ಮೆಡುಪಿ, ಎಂಪುಮಲಂಗಾದಲ್ಲಿ ಕುಸಿಲೆ. ಎರಡರಲ್ಲೂ ಆರಾರು ಘಟಕ, ಒಂದೊಂದು ಸ್ಥಾವರಕ್ಕೆ ಸುಮಾರು 4,800 ಮೆಗಾವಾಟ್. ದುಡ್ಡು ಸಾಲದ ದುಡ್ಡು. ಸರ್ಕಾರ 35,000 ಕೋಟಿ ರ್ಯಾಂಡ್‌ವರೆಗಿನ ಸಾಲಕ್ಕೆ ಖಾತರಿ ನಿಂತಿತು. ವಿಶ್ವ ಬ್ಯಾಂಕ್ 2010ರಲ್ಲಿ 375 ಕೋಟಿ ಡಾಲರ್ ಕೊಟ್ಟಿತು. ಮೆಡುಪಿ, ಕುಸಿಲೆ, ಈ ಎರಡು ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ.

ಐದು ಬಾಗಿಲಿನ ಮನೆ

ಎಸ್ಕಾಮ್ ಮೇಲೆ ಸರ್ಕಾರದ ಕಣ್ಣು ಹೇಗೆ ಇರಬೇಕಿತ್ತು ಅಂತ ಮೊದಲು ನೋಡೋಣ. ಕಂಪನಿಯ ಎಲ್ಲಾ ಷೇರು ಸರ್ಕಾರದ್ದು. ಮಾಲೀಕನ ಪರವಾಗಿ ಆಗ ಕೂರುತ್ತಿದ್ದುದು ಸಾರ್ವಜನಿಕ ಉದ್ಯಮಗಳ ಸಚಿವ. ಮಂಡಳಿಯ ಸದಸ್ಯರನ್ನು ನೇಮಿಸುವುದು, ಮಂಡಳಿ ಕೊಟ್ಟ ಹೆಸರುಗಳಲ್ಲಿ ಸಿಇಓ ಯಾರು ಅಂತ ಅಂತಿಮ ಮಾಡುವುದು ಈ ಸಚಿವರ ಕೆಲಸವಾಗಿತ್ತು. ಯಾವ ಬಗೆಯ ಸ್ಥಾವರ ಬೇಕು ಅನ್ನುವುದು ಇಂಧನ ಸಚಿವರದ್ದು. ದರ ಎಷ್ಟು ಅನ್ನುವುದು ನೆರ್ಸಾ ಎಂಬ ನಿಯಂತ್ರಣ ಸಂಸ್ಥೆಯದ್ದು. ಸಾಲಕ್ಕೆ ಖಾತರಿ ಹಣಕಾಸು ಇಲಾಖೆಯದ್ದು. ಲೆಕ್ಕ ಕೇಳುವುದು ಸಂಸತ್ತಿನ ಸಮಿತಿಗಳದ್ದು.

1999ರ ಸಾರ್ವಜನಿಕ ಹಣಕಾಸು ನಿರ್ವಹಣಾ ಕಾಯ್ದೆ ಇದರ ನಡುವೆ ಒಂದು ಸ್ಪಷ್ಟ ಗೆರೆ ಎಳೆದಿತ್ತು. ಕಂಪನಿಯ ಹಣಕ್ಕೆ, ನಿರ್ಧಾರಗಳಿಗೆ ಕಾನೂನಿನ ಕಣ್ಣಿನಲ್ಲಿ ಉತ್ತರ ಕೊಡಬೇಕಾದ್ದು ಮಂಡಳಿ. ಸಚಿವರು ಮಂಡಳಿಯನ್ನು ಕೇಳಬೇಕು, ಮಂಡಳಿ ಸಿಇಓವನ್ನು ಕೇಳಬೇಕು, ಸಿಇಓ ಸ್ಥಾವರದ ಮ್ಯಾನೇಜರ್‌ನನ್ನು ಕೇಳಬೇಕು. ಕಾಗದದ ಮೇಲೆ ಚೆನ್ನಾಗಿದೆ, ಅಲ್ವಾ?

ಐದು ಕಡೆಯಿಂದ ನೋಡುವವರಿದ್ದರೆ ಕಳ್ಳತನ ಆಗುವುದಿಲ್ಲ ಅಂತ ಅನ್ನಿಸಬಹುದು. ಆದದ್ದು ಬೇರೆ. ದರ ಏರಿಸಬೇಕಾದಾಗ ನೆರ್ಸಾ ಕಡೆ ಬೆರಳು, ಸಾಲ ಬೇಕಾದಾಗ ಹಣಕಾಸು ಇಲಾಖೆ ಕಡೆ, ಹೊಸ ಸ್ಥಾವರದ ಮಾತು ಬಂದಾಗ ಇಂಧನ ಸಚಿವರ ಕಡೆ. "ಈ ಕಂಪನಿಯ ಹಳೆಯ ಬಾಯ್ಲರ್‌ಗಳಿಗೆ ಈ ವರ್ಷ ರಿಪೇರಿ ಆಯ್ತಾ?" ಎಂಬ ಪ್ರಶ್ನೆ ಯಾವ ಬಾಗಿಲಿನ ಕೆಲಸವೂ ಆಗಿರಲಿಲ್ಲ. 2010ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ, ಆಮೇಲೂ, ದೀಪ ಆರಬಾರದು ಅಂತ ರಿಪೇರಿಯನ್ನು ಮುಂದಕ್ಕೆ ಹಾಕುತ್ತಲೇ ಬಂದರು. ಯಂತ್ರಕ್ಕೆ ರಜೆ ಕೊಡದೆ ಓಡಿಸಿದರೆ ಅದು ತಾನೇ ರಜೆ ತೆಗೆದುಕೊಳ್ಳುತ್ತದೆ. 2014ರ ಮಾರ್ಚ್‌ನಲ್ಲಿ ಡುವ್ಹಾ ಸ್ಥಾವರದ ಒಂದು ಘಟಕ ಸಿಡಿಯಿತು. ನವೆಂಬರ್ 1ಕ್ಕೆ ಮಜೂಬಾ ಸ್ಥಾವರದ ದೊಡ್ಡ ಕಲ್ಲಿದ್ದಲು ಗೋಪುರ ಕುಸಿಯಿತು. ಲೋಡ್ ಶೆಡ್ಡಿಂಗ್ ವಾಪಸ್ ಬಂತು.

ಸರ್ಕಾರ ಡಿಸೆಂಬರ್‌ನಲ್ಲಿ ಒಂದು 'ವಾರ್ ರೂಮ್' ತೆರೆದು ಉಪಾಧ್ಯಕ್ಷ ಸಿರಿಲ್ ರಾಮಫೋಸಾ ಅವರಿಗೆ ವಹಿಸಿತು. ಅಂದರೆ ಆರನೇ ಬಾಗಿಲು.

ಮೊದಲ ಪಾಠ ಯಾರೂ ಕಲಿಯಲಿಲ್ಲ

2015ಕ್ಕೆ ಮುಂಚೆಯೇ ಒಂದು ಎಚ್ಚರಿಕೆ ಸಿಕ್ಕಿತ್ತು. 2009ರ ಅಕ್ಟೋಬರ್ ಕೊನೆಗೆ ಮಂಡಳಿಗೂ ಆಗಿನ ಸಿಇಓ ಜೇಕಬ್ ಮರೋಗಾ ಅವರಿಗೂ ಜಗಳವಾಯಿತು. ಅವರು ರಾಜೀನಾಮೆ ಕೊಟ್ಟರು, ನಾವು ಒಪ್ಪಿಕೊಂಡೆವು ಅಂತ ಮಂಡಳಿ ಅಂದಿತು. ನಾನು ಕೊಟ್ಟೇ ಇಲ್ಲ ಅಂತ ಅವರು ಅಂದರು. ವಿಷಯ ರಾಷ್ಟ್ರಾಧ್ಯಕ್ಷ ಜೇಕಬ್ ಜುಮಾ ಅವರವರೆಗೆ ಹೋಯಿತು. ಮಂಡಳಿಯ ಮಾತಿಗೆ ಸರ್ಕಾರದ ಬೆಂಬಲ ಕಾಣದಾದಾಗ ಎಸ್ಕಾಮ್ ಅಧ್ಯಕ್ಷ ಬಾಬಿ ಗಾಡ್ಸೆಲ್ ತಾವೇ ರಾಜೀನಾಮೆ ಕೊಟ್ಟು ನಡೆದರು. ಅದಾದ ಕೆಲವೇ ದಿನಕ್ಕೆ ಮರೋಗಾ ಅವರೂ ಹೋದರು. ಒಂದೇ ವಾರದಲ್ಲಿ ಅಧ್ಯಕ್ಷರೂ ಇಲ್ಲ, ಸಿಇಓನೂ ಇಲ್ಲ.

ಮಂಡಳಿ ತೀರ್ಮಾನಿಸಿದರೂ ಅದು ಕೊನೆಯ ಮಾತಲ್ಲ, ಮೇಲೆ ಫೋನ್ ಮಾಡಿದರೆ ಬದಲಾಗಬಹುದು ಅಂತ ಕಂಪನಿಯೊಳಗಿನ ಎಲ್ಲರಿಗೂ ಅವತ್ತು ಗೊತ್ತಾಯಿತು. ನನ್ನ ಪ್ರಕಾರ ಎಸ್ಕಾಮ್‌ನ ಬುನಾದಿ ಸಡಿಲವಾಗಿದ್ದು ಅಲ್ಲಿಂದ.

ಡರ್ಬನ್‌ನ ಮನೆ

ಈಗ ಮಾರ್ಚ್ 2015ಕ್ಕೆ ವಾಪಸ್ ಬರೋಣ. ಮಟೋನಾ ಅವರು ಸಿಇಓ ಆಗಿ ಆರು ತಿಂಗಳೂ ಆಗಿರಲಿಲ್ಲ. ಅದಕ್ಕೆ ಮುಂಚೆ ಅವರು ಸಾರ್ವಜನಿಕ ಉದ್ಯಮಗಳ ಇಲಾಖೆಯಲ್ಲೇ ಅತಿ ಹಿರಿಯ ಅಧಿಕಾರಿ. ಅಂದರೆ ಎಸ್ಕಾಮ್ ಮೇಲೆ ನಿಗಾ ಇಡುವ ಕಡೆಯಿಂದಲೇ ಬಂದವರು.

ಆಮೇಲೆ ಜುಮಾ ಕಾಲದ ಭ್ರಷ್ಟಾಚಾರದ ತನಿಖೆ ನಡೆಸಿದ ನ್ಯಾಯಮೂರ್ತಿ ರೇಮಂಡ್ ಜೊಂಡೊ ಆಯೋಗದ ಮುಂದೆ ಹೊರಬಂದ ಸಂಗತಿ ಹೀಗಿದೆ. ಮಾರ್ಚ್ 8ರ ಭಾನುವಾರ ಡರ್ಬನ್‌ನಲ್ಲಿರುವ ರಾಷ್ಟ್ರಾಧ್ಯಕ್ಷರ ಅಧಿಕೃತ ನಿವಾಸದಲ್ಲಿ ಒಂದು ಸಭೆ ನಡೆಯಿತು. ಎಸ್ಕಾಮ್ ಅಧ್ಯಕ್ಷ ಜೋಲಾ ತ್ಸೋಟ್ಸಿ ಅಲ್ಲಿದ್ದರು. ಡುಡು ಮ್ಯೇನಿ ಇದ್ದರು. ಅವರು ಸೌತ್ ಆಫ್ರಿಕನ್ ಏರ್‌ವೇಸ್‌ನ ಅಧ್ಯಕ್ಷೆ, ಎಸ್ಕಾಮ್‌ಗೆ ಅವರು ಏನೂ ಅಲ್ಲ. ಅಧಿಕಾರಿಗಳನ್ನು ಅಮಾನತು ಮಾಡಿ ವಿಚಾರಣೆ ನಡೆಸಬೇಕು ಅನ್ನುವ ಮಾತು ಅಲ್ಲಿ ಆಯಿತು, ಜುಮಾ ಅವರೂ ಅದರಲ್ಲಿ ಇದ್ದರು ಅಂತ ತ್ಸೋಟ್ಸಿ ಸಾಕ್ಷಿ ಹೇಳಿದರು. ಮೂರು ದಿನದ ನಂತರ ಮೆಗಾವಾಟ್ ಪಾರ್ಕ್‌ನಲ್ಲಿ ಅದೇ ತೀರ್ಮಾನ ಮಂಡಳಿಯ ತೀರ್ಮಾನವಾಗಿ ಹೊರಬಿತ್ತು. ಅಂದು ಸಚಿವೆ ಲಿನ್ ಬ್ರೌನ್ ಕೂಡ ಬಂದು ಮಂಡಳಿಯ ಜೊತೆ ಮಾತಾಡಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊರಗಿನಿಂದ ನೋಡಿದರೆ ಎಲ್ಲವೂ ನಿಯಮದ ಪ್ರಕಾರವೇ ಇತ್ತು. ಮಂಡಳಿ ಸೇರಿತು, ಚರ್ಚಿಸಿತು, ನಿರ್ಣಯ ಮಾಡಿತು, ಸಚಿವರಿಗೆ ಗೊತ್ತಿತ್ತು. ದಾಖಲೆಯಲ್ಲಿ ಸಹಿ ಇದೆ. ಯಾರಾದರೂ ಕೇಳಿದರೆ "ಇದು ಮಂಡಳಿಯ ಸ್ವಂತ ನಿರ್ಧಾರ" ಅನ್ನಬಹುದು. ಮಂಡಳಿ ಸ್ವತಂತ್ರವಾಗಿದೆ ಎಂಬ ನಿಯಮವೇ ಮಂಡಳಿಯ ಹೊರಗಿನವರಿಗೆ ಪರದೆಯಾಯಿತು. ಇದೇ ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಭಾಗ. ಕಾನೂನು ಮುರಿದರೆ ಹಿಡಿಯಬಹುದು. ಕಾನೂನಿನ ಬಟ್ಟೆ ಹಾಕಿಕೊಂಡು ಬಂದರೆ ಹಿಡಿಯುವುದು ಕಷ್ಟ.

ತ್ಸೋಟ್ಸಿ ಅವರೂ ಅದೇ ತಿಂಗಳ ಕೊನೆಗೆ ಹೊರಗೆ. ಮಟೋನಾ, ತ್ಶೊಲೊಫೆಲೊ ಮೊಲೆಫೆ, ಮರೊಕಾನೆ ಪರಿಹಾರ ಪಡೆದು ಕಂಪನಿ ಬಿಟ್ಟರು. ನಾಲ್ವರಲ್ಲಿ ಕೊಕೊ ಒಬ್ಬರೇ ವಾಪಸ್ ಬಂದರು. ಏಪ್ರಿಲ್‌ನಲ್ಲಿ ಟ್ರಾನ್ಸ್‌ನೆಟ್ ಎಂಬ ಸರ್ಕಾರಿ ರೈಲು ಮತ್ತು ಬಂದರು ಕಂಪನಿಯಿಂದ ಬ್ರಯಾನ್ ಮೊಲೆಫೆ ಸಿಇಓ ಆಗಿ ಬಂದರು. ಕೆಲವು ತಿಂಗಳಲ್ಲಿ ಅಲ್ಲಿಂದಲೇ ಅನೋಜ್ ಸಿಂಗ್ ಹಣಕಾಸು ಮುಖ್ಯಸ್ಥರಾಗಿ ಬಂದರು. ಇವರಿಬ್ಬರಿಗೆ ಜಾಗ ಮಾಡಲೆಂದೇ ಅಮಾನತುಗಳು ನಡೆದವು, ಹಿಂದೆ ಗುಪ್ತಾ ಕುಟುಂಬದ ಹಿತ ಇತ್ತು ಅನ್ನುವುದು ಜೊಂಡೊ ಆಯೋಗ 2022ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯ ನಿಲುವು. ಗುಪ್ತಾ ಸಹೋದರರು ಉತ್ತರ ಪ್ರದೇಶದ ಸಹಾರನ್‌ಪುರದಿಂದ ಅಲ್ಲಿಗೆ ಹೋಗಿ ವ್ಯಾಪಾರ ಕಟ್ಟಿದವರು, ಜುಮಾ ಅವರಿಗೆ ಹತ್ತಿರದವರು. ಹೆಸರು ಬಂದ ಅಧಿಕಾರಿಗಳು ಆರೋಪಗಳನ್ನು ಒಪ್ಪಿಲ್ಲ ಅನ್ನುವುದನ್ನೂ ಹೇಳಬೇಕು.

ದೀಪ ಉರಿಯುತ್ತಿತ್ತು, ಆದರೆ

ಮೊಲೆಫೆ ಬಂದ ಮೇಲೆ 2015ರ ಕೊನೆಯ ಹೊತ್ತಿಗೆ ಲೋಡ್ ಶೆಡ್ಡಿಂಗ್ ನಿಂತಿತು. ಜನ ಹೊಗಳಿದರು. ನಾನಾದರೂ ಹೊಗಳುತ್ತಿದ್ದೆ. ಕರೆಂಟ್ ಇದ್ದಾಗ ಸಿಇಓ ಹೇಗೆ ನೇಮಕವಾದರು ಅಂತ ಯಾರು ಕೇಳುತ್ತಾರೆ? ಮೆಡುಪಿಯ ಮೊದಲ ಘಟಕ ಆ ವರ್ಷವೇ ಶುರುವಾಗಿತ್ತು, ಆರ್ಥಿಕತೆ ನಿಧಾನವಾಗಿದ್ದರಿಂದ ಬೇಡಿಕೆಯೂ ಹೆಚ್ಚಿರಲಿಲ್ಲ. ಅದೂ ಸೇರಿತು.

ಒಳಗೆ ನಡೆಯುತ್ತಿದ್ದುದು ಬೇರೆ. 2016ರ ಏಪ್ರಿಲ್ 11ರ ರಾತ್ರಿ ಎಸ್ಕಾಮ್‌ನ ಟೆಂಡರ್ ಸಮಿತಿ ತರಾತುರಿಯಲ್ಲಿ ಸೇರಿ, ಗುಪ್ತಾ ಕುಟುಂಬದ ಜೊತೆ ನಂಟಿದ್ದ ಟೆಗೆಟಾ ಕಂಪನಿಗೆ ಕಲ್ಲಿದ್ದಲಿನ ಹೆಸರಿನಲ್ಲಿ ಸುಮಾರು 65.9 ಕೋಟಿ ರ್ಯಾಂಡ್ ಮುಂಗಡ ಕೊಡಲು ಒಪ್ಪಿತು. ಆಗ ಟೆಗೆಟಾ ಆಪ್ಟಿಮಮ್ ಎಂಬ ಗಣಿಯನ್ನು ಕೊಳ್ಳಲು ದುಡ್ಡು ಹೊಂದಿಸುತ್ತಿತ್ತು. ಸರ್ಕಾರಿ ಕಂಪನಿಯ ಹಣದಲ್ಲಿ ಖಾಸಗಿಯವರು ಗಣಿ ಕೊಂಡ ಹಾಗಾಯಿತು. ಸಲಹಾ ಸಂಸ್ಥೆ ಮೆಕಿನ್ಸೆ ಮತ್ತು ಅದರ ಜೊತೆಗಾರ ಟ್ರಿಲಿಯನ್‌ಗೆ ಸುಮಾರು 160 ಕೋಟಿ ರ್ಯಾಂಡ್ ಹೋಯಿತು. ಮೆಕಿನ್ಸೆ ತನ್ನ ಪಾಲನ್ನು ವಾಪಸ್ ಕೊಟ್ಟಿತು. ಟ್ರಿಲಿಯನ್ ಪಡೆದ 59.5 ಕೋಟಿಯನ್ನು ಮರಳಿಸಬೇಕು ಅಂತ 2019ರಲ್ಲಿ ಕೋರ್ಟ್ ಆದೇಶಿಸಿತು.

ಇಷ್ಟು ಹೊತ್ತಿಗೆ ಸಚಿವರ ಕಣ್ಣು ಎಲ್ಲಿತ್ತು? ಮಂಡಳಿಯ ದಿನನಿತ್ಯದ ಕೆಲಸದಲ್ಲಿ ನಾನು ತಲೆ ಹಾಕುವುದಿಲ್ಲ ಎಂಬ ಉತ್ತರ ಸಿಗುತ್ತಿತ್ತು. ತಲೆ ಹಾಕಬಾರದ ಕಡೆ, ಅಂದರೆ ಯಾರು ಕೂರಬೇಕು ಅನ್ನುವಲ್ಲಿ ಕೈ ಇತ್ತು. ಕೇಳಲೇಬೇಕಾದ ಕಡೆ, ಅಂದರೆ ಹಣ ಎಲ್ಲಿಗೆ ಹೋಯಿತು ಅನ್ನುವಲ್ಲಿ ಅಂತರ ಇತ್ತು. ಎರಡೂ ಅದಲು ಬದಲಾಗಿತ್ತು.

ಸತ್ಯ ಹೊರತಂದವರು ಮಾಲೀಕ ಇಲಾಖೆಯವರಲ್ಲ. ನಮ್ಮ ಲೋಕಾಯುಕ್ತದಂಥ ಸಾರ್ವಜನಿಕ ರಕ್ಷಕಿ ಹುದ್ದೆಯಲ್ಲಿದ್ದ ಥುಲಿ ಮಡೊನ್ಸೆಲಾ ತಯಾರಿಸಿದ ವರದಿ 2016ರ ನವೆಂಬರ್ 2ರಂದು ಹೊರಬಂತು. ಮೊಲೆಫೆ ಮತ್ತು ಅಜಯ್ ಗುಪ್ತಾ ನಡುವೆ ಕೆಲವು ತಿಂಗಳಲ್ಲಿ 58 ಫೋನ್ ಕರೆ ನಡೆದಿದ್ದನ್ನು ಅದು ದಾಖಲಿಸಿತ್ತು. ಮರುದಿನ ಪತ್ರಕರ್ತರ ಮುಂದೆ ಮೊಲೆಫೆ ಅತ್ತರು, ಆ ತಿಂಗಳಲ್ಲೇ ಹುದ್ದೆ ಬಿಡುವುದಾಗಿ ಹೇಳಿದರು. ಅಲ್ಲಿಂದ ಸಂಸತ್ ಸದಸ್ಯರಾದರು. ಅವರಿಗೆ 3 ಕೋಟಿ ರ್ಯಾಂಡ್ ಪಿಂಚಣಿ ಕೊಡುವ ವಿಷಯ ರಂಪವಾದಾಗ, 2017ರ ಮೇನಲ್ಲಿ ಅವರನ್ನು ಮತ್ತೆ ಸಿಇಓ ಕುರ್ಚಿಗೇ ಕರೆತಂದರು. ಕೆಲವೇ ವಾರದಲ್ಲಿ ತೆಗೆದರು. ಪಿಂಚಣಿಯನ್ನು 2018ರಲ್ಲಿ ಕೋರ್ಟ್ ರದ್ದು ಮಾಡಿತು.

ಒಂದು ಲೆಕ್ಕ ಹೇಳುತ್ತೇನೆ. 2014ರ ಮಾರ್ಚ್ ಕೊನೆಗೆ ಸಿಇಓ ಬ್ರಯಾನ್ ಡೇಮ್ಸ್ ಹೋದರು. 2018ರ ಜನವರಿಯಲ್ಲಿ ಫಕಮಾನಿ ಹಡೆಬೆ ಬಂದರು. ನಡುವಿನ ನಾಲ್ಕು ವರ್ಷಕ್ಕೂ ಕಡಿಮೆ ಸಮಯದಲ್ಲಿ ಆ ಕುರ್ಚಿಯಲ್ಲಿ ಕೂತವರು ಮಟ್ಜಿಲಾ, ಮಟೋನಾ, ಖೋಜಾ, ಮೊಲೆಫೆ, ಕೊಕೊ, ಡ್ಲಾಡ್ಲಾ, ಮಾರಿಟ್ಜ್. ಏಳು ಜನ. ಹೆಚ್ಚಿನವರು ಹಂಗಾಮಿ. ಒಂದು ಘಟಕದ ದೊಡ್ಡ ರಿಪೇರಿಗೆ ಬಿಡಿಭಾಗ ಆರ್ಡರ್ ಮಾಡಿ, ತರಿಸಿ, ಘಟಕ ನಿಲ್ಲಿಸಿ, ಮುಗಿಸಲು ಒಂದೆರಡು ವರ್ಷದ ಯೋಜನೆ ಬೇಕು. ಆರೇಳು ತಿಂಗಳಿಗೊಬ್ಬ ಮುಖ್ಯಸ್ಥ ಇರುವಲ್ಲಿ ಅದಕ್ಕೆ ಸಹಿ ಹಾಕುವವರು ಯಾರು, ಮುಗಿದಿದೆಯಾ ಅಂತ ನೋಡುವವರು ಯಾರು?

ಹಂಗಾಮಿ ಅಧಿಕಾರಿಯ ಕಷ್ಟವನ್ನೂ ಅರ್ಥ ಮಾಡಿಕೊಳ್ಳಬೇಕು. ನಾಳೆ ತಾನಿರುತ್ತೇನೋ ಇಲ್ಲವೋ ಗೊತ್ತಿಲ್ಲ. ಕೆಳಗಿನವರಿಗೂ ಅದು ಗೊತ್ತು. ಇವರು ಹೇಳಿದ್ದನ್ನು ಸುಮ್ನೆ ಕೇಳಿಸಿಕೊಂಡು, ಮುಂದಿನವರು ಬರುವವರೆಗೆ ಕಾಯುತ್ತಾರೆ.

ಸಂಸತ್ತು ಎದ್ದ ಬಗೆ

2017ರ ಕೊನೆಗೆ ಒಂದು ಒಳ್ಳೆಯದು ನಡೆಯಿತು. ಸಂಸತ್ತಿನ ಸಾರ್ವಜನಿಕ ಉದ್ಯಮಗಳ ಸಮಿತಿ, ಜುಕಿಸ್ವಾ ರಾಂಥೊ ಅವರ ನೇತೃತ್ವದಲ್ಲಿ, ಎಸ್ಕಾಮ್ ಬಗ್ಗೆ ಬಹಿರಂಗ ವಿಚಾರಣೆ ಶುರು ಮಾಡಿತು. ರಾಂಥೊ ಅವರು ಆಡಳಿತ ಪಕ್ಷದವರೇ. ಟಿವಿ ಕ್ಯಾಮೆರಾ ಮುಂದೆ ಮಾಜಿ ಅಧಿಕಾರಿಗಳು, ನಿರ್ದೇಶಕರು, ಸಚಿವೆ ಎಲ್ಲರೂ ಬಂದು ಕೂತು ಉತ್ತರ ಕೊಡಬೇಕಾಯಿತು. ದಿನವಿಡೀ ಪ್ರಶ್ನೆ. ಯಾವ ದಿನ ಯಾರಿಗೆ ಎಷ್ಟು ಕೊಟ್ಟಿರಿ, ಯಾರು ಹೇಳಿದ್ದು, ಕಾಗದ ಎಲ್ಲಿ?

ಮೇಲ್ವಿಚಾರಣೆ ಅಂದರೆ ಹೀಗಿರಬೇಕು ಅಂತ ನನಗೆ ಅನ್ನಿಸಿದ್ದು ಇಲ್ಲಿ. ಯಾರನ್ನೂ ಕೂರಿಸುವ ಅಧಿಕಾರ ಆ ಸಮಿತಿಗೆ ಇರಲಿಲ್ಲ, ಎಬ್ಬಿಸುವ ಅಧಿಕಾರವೂ ಇರಲಿಲ್ಲ. ಕೇಳುವ ಅಧಿಕಾರ ಮಾತ್ರ ಇತ್ತು. ಅದನ್ನು ಎಲ್ಲರ ಕಣ್ಣೆದುರು ಬಳಸಿತು.

2018ರ ಜನವರಿ 20ಕ್ಕೆ ಹೊಸ ಮಂಡಳಿ ಬಂತು. ಜಾಬು ಮಬೂಜಾ ಅಧ್ಯಕ್ಷ, ಹಡೆಬೆ ಹಂಗಾಮಿ ಸಿಇಓ. ಮುಂದಿನ ತಿಂಗಳು ಜುಮಾ ಹೋಗಿ ರಾಮಫೋಸಾ ರಾಷ್ಟ್ರಾಧ್ಯಕ್ಷರಾದರು, ಪ್ರವೀಣ್ ಗೋರ್ಧನ್ ಸಾರ್ವಜನಿಕ ಉದ್ಯಮಗಳ ಸಚಿವರಾದರು.

ಒಳ್ಳೆಯವರು ಬಂದರೂ ಸಾಲಲಿಲ್ಲ

ಕಳ್ಳರು ಹೋದರು, ಒಳ್ಳೆಯವರು ಬಂದರು, ಇನ್ನು ಸರಿಹೋಗುತ್ತದೆ ಅಂತ ಎಲ್ಲರೂ ಅಂದುಕೊಂಡರು. ಹಾಗೆ ಆಗಲಿಲ್ಲ. ರಿಪೇರಿ ಇಲ್ಲದ ಯಂತ್ರಕ್ಕೆ ಸಿಇಓ ಪ್ರಾಮಾಣಿಕನೋ ಅಲ್ಲವೋ ಅನ್ನುವುದು ಗೊತ್ತಾಗುವುದಿಲ್ಲ. 2018-19ರಲ್ಲಿ ಕಂಪನಿಗೆ 2,070 ಕೋಟಿ ರ್ಯಾಂಡ್ ನಷ್ಟ. ಸಾಲ ಸುಮಾರು 44,000 ಕೋಟಿ. 2019ರ ಮೇನಲ್ಲಿ ಹಡೆಬೆ ಅವರು ಈ ಕೆಲಸ ನನ್ನ ಆರೋಗ್ಯವನ್ನೇ ಹಾಳು ಮಾಡುತ್ತಿದೆ ಅಂತ ಹೇಳಿ ರಾಜೀನಾಮೆ ಕೊಟ್ಟರು. ಮಬೂಜಾ ಅಧ್ಯಕ್ಷ ಸ್ಥಾನದ ಜೊತೆಗೆ ಸಿಇಓ ಕೆಲಸವನ್ನೂ ಹೊತ್ತರು.

ಡಿಸೆಂಬರ್ 9ಕ್ಕೆ ಮೊದಲ ಬಾರಿ ಆರನೇ ಹಂತದ ಲೋಡ್ ಶೆಡ್ಡಿಂಗ್. ಅಂದರೆ 6,000 ಮೆಗಾವಾಟ್ ಕಡಿತ. ರಾಮಫೋಸಾ ಈಜಿಪ್ಟ್ ಪ್ರವಾಸ ಮೊಟಕು ಮಾಡಿ ವಾಪಸ್ ಬಂದರು. ಡಿಸೆಂಬರ್ 17ರಿಂದ ಜನವರಿ 13ರವರೆಗೆ ಕರೆಂಟ್ ಹೋಗುವುದಿಲ್ಲ ಅಂತ ಎಸ್ಕಾಮ್ ಮಾತು ಕೊಟ್ಟಿತು. ಜನವರಿ ಮೊದಲ ವಾರದಲ್ಲೇ ಹೋಯಿತು. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ ಅಂತ ಮಬೂಜಾ ರಾಜೀನಾಮೆ ಕೊಟ್ಟರು. ಇಡೀ ಪ್ರಕರಣದಲ್ಲಿ ತಾನು ಹೇಳಿದ ಮಾತಿಗೆ ತಾನೇ ಬೆಲೆ ತೆತ್ತವರು ಅವರು.

2020ರ ಜನವರಿಯಲ್ಲಿ ಆಂಡ್ರೆ ಡಿ ರೈಟರ್ ಬಂದರು. ವ್ಯವಹಾರದ ಕಡೆಯವರು, ಇಂಜಿನಿಯರ್ ಅಲ್ಲ. ಅದನ್ನೇ ಹಿಡಿದು ಟೀಕಿಸುವವರಿದ್ದರು. ಮೂರು ವರ್ಷ ಇದ್ದರು, ಅದು ಆ ಕುರ್ಚಿಗೆ ಆಗ ದೊಡ್ಡ ಅವಧಿ. ಕಂಪನಿಯನ್ನು ಉತ್ಪಾದನೆ, ಸಾಗಣೆ, ವಿತರಣೆ ಅಂತ ಮೂರು ಭಾಗ ಮಾಡುವ ಕೆಲಸ ಮುಂದೆ ಹೋಯಿತು. ಕುಸಿಲೆಯ ಒಂದು ಗುತ್ತಿಗೆಗೆ ಸಂಬಂಧಿಸಿ ಎಬಿಬಿ ಕಂಪನಿ 2020ರಲ್ಲಿ 156 ಕೋಟಿ ರ್ಯಾಂಡ್ ಹಿಂದಿರುಗಿಸಿತು. ಆದರೆ ಯಂತ್ರಗಳು ಕೈಕೊಡುತ್ತಲೇ ಇದ್ದವು. ಮೆಡುಪಿ ಪೂರ್ತಿಯಾಯಿತು ಅಂತ ಘೋಷಿಸಿ ಹತ್ತು ದಿನ ಕಳೆಯುವ ಮೊದಲೇ, 2021ರ ಆಗಸ್ಟ್ 8ರಂದು, ಅದರ ನಾಲ್ಕನೇ ಘಟಕದ ಜನರೇಟರ್ ಸ್ಫೋಟಿಸಿತು. 2022ರ ಅಕ್ಟೋಬರ್‌ನಲ್ಲಿ ಕುಸಿಲೆಯ ಹೊಗೆ ಕೊಳವೆ ಕುಸಿದು ಮೂರು ಘಟಕ ನಿಂತವು.

ಇಂಧನ ಸಚಿವ ಗ್ವೆಡೆ ಮಂಟಾಶೆ ಮತ್ತು ಎಸ್ಕಾಮ್ ನಡುವೆ ಬಹಿರಂಗ ಜಟಾಪಟಿ ನಡೆಯುತ್ತಿತ್ತು. ಸರ್ಕಾರವನ್ನೇ ಉರುಳಿಸಲು ಹೊರಟಿದೆ ಎಂಬಂಥ ಮಾತನ್ನು ಸಚಿವರು ಕಂಪನಿಯ ಬಗ್ಗೆ ಆಡಿದರು. ಮಾಲೀಕ ಸರ್ಕಾರದ ಸಚಿವರೇ ಕಂಪನಿಯ ಬಗ್ಗೆ ಹೀಗಂದರೆ ಸ್ಥಾವರದಲ್ಲಿ ರಾತ್ರಿ ಪಾಳಿ ಮಾಡುವವನಿಗೆ ಏನನ್ನಿಸಬೇಕು? 2022ರ ಡಿಸೆಂಬರ್‌ನಲ್ಲಿ ಡಿ ರೈಟರ್ ರಾಜೀನಾಮೆ ಕೊಟ್ಟರು. ತಾವು ಕುಡಿದ ಕಾಫಿಯಲ್ಲಿ ಸೈನೈಡ್ ಹಾಕಲಾಗಿತ್ತು ಅಂತ ಆಮೇಲೆ ಹೇಳಿದರು. 2023ರ ಫೆಬ್ರವರಿಯ ಟಿವಿ ಸಂದರ್ಶನದಲ್ಲಿ ಕಂಪನಿಯಲ್ಲಿ ತಿಂಗಳಿಗೆ ಸುಮಾರು 100 ಕೋಟಿ ರ್ಯಾಂಡ್ ಲೂಟಿಯಾಗುತ್ತಿದೆ, ರಾಜಕಾರಣಿಗಳ ಕೈವಾಡವೂ ಇದೆ ಅಂದರು. ಮರುದಿನವೇ ಅವರು ಹೋಗುವುದು ಅಂತ ಆಯಿತು.

ತಿರುವು ಎಲ್ಲಿ ಬಂತು

2023 ಎಲ್ಲಕ್ಕಿಂತ ಕೆಟ್ಟ ವರ್ಷ. 300ಕ್ಕೂ ಹೆಚ್ಚು ದಿನ ಲೋಡ್ ಶೆಡ್ಡಿಂಗ್. ಆಶ್ಚರ್ಯವೆಂದರೆ ಚೇತರಿಕೆಯ ಬೀಜ ಬಿದ್ದದ್ದೂ ಅದೇ ವರ್ಷ, ಅದೂ ಕಾಯಂ ಸಿಇಓ ಇಲ್ಲದಿದ್ದಾಗ.

ಫೆಬ್ರವರಿಯ ಬಜೆಟ್‌ನಲ್ಲಿ ಹಣಕಾಸು ಸಚಿವ ಎನಾಕ್ ಗೊಡೊಂಗ್ವಾನಾ 25,400 ಕೋಟಿ ರ್ಯಾಂಡ್ ಸಾಲದ ಹೊರೆ ಇಳಿಸುವ ಯೋಜನೆ ಘೋಷಿಸಿದರು. ಸುಮ್ನೆ ಕೊಡಲಿಲ್ಲ. ಕೇಳದೆ ಹೊಸ ಸಾಲ ಮಾಡುವಂತಿಲ್ಲ, ಸ್ಥಾವರಗಳನ್ನು ಹೊರಗಿನ ತಜ್ಞರು ಪರೀಕ್ಷಿಸಬೇಕು, ಹೀಗೆ ಬರೆದಿಟ್ಟ ಷರತ್ತುಗಳಿದ್ದವು. ಹೊರಗಿನ ತಜ್ಞರು ಬಂದು ನೋಡಿ ಹೇಳಿದ್ದರಲ್ಲಿ ಒಂದು ಮಾತು ನನಗೆ ಬಹಳ ಮುಖ್ಯ ಅನ್ನಿಸಿತು. ಕಂಪನಿಯ ನಿರ್ಧಾರದ ಹಾದಿ ತೀರಾ ಸುತ್ತುಬಳಸಿನದು, ಸ್ಥಾವರ ನಡೆಸುವವರ ಕೈಯಲ್ಲಿ ಸಾಕಷ್ಟು ಅಧಿಕಾರ ಇಲ್ಲ. ವರ್ಷಾನುಗಟ್ಟಲೆ ಎಲ್ಲರ ಕಣ್ಣು ಸಿಇಓ ಕುರ್ಚಿಯ ಮೇಲಿತ್ತು. ತೊಂದರೆ ಇದ್ದದ್ದು ಅಲ್ಲಿಂದ ಬಾಯ್ಲರ್‌ವರೆಗಿನ ದಾರಿಯಲ್ಲಿ.

ಹಣಕಾಸು ಮುಖ್ಯಸ್ಥರಾಗಿದ್ದ ಕಾಲಿಬ್ ಕ್ಯಾಸಿಮ್ ಒಂದು ವರ್ಷ ಹಂಗಾಮಿ ಸಿಇಓ ಆಗಿದ್ದರು. ಮಂಡಳಿ ಒಪ್ಪಿದ ರಿಪೇರಿ ಯೋಜನೆಯನ್ನು ಹಿಡಿದು ನಡೆದರು. ಲೋಡ್ ಶೆಡ್ಡಿಂಗ್ ಇದ್ದರೂ ಘಟಕಗಳನ್ನು ನಿಲ್ಲಿಸಿ ರಿಪೇರಿ ಮಾಡಿದರು. ಹಿಂದಿನವರಿಗೆ ಈ ಧೈರ್ಯ ಮಾಡಲು ಬಿಟ್ಟಿರಲಿಲ್ಲ. ಕುಸಿಲೆಯ ಮೂರು ಘಟಕಗಳಿಗೆ ತಾತ್ಕಾಲಿಕ ಹೊಗೆ ಕೊಳವೆ ಕಟ್ಟಿ ಆ ವರ್ಷದ ಕೊನೆಯ ಹೊತ್ತಿಗೆ ಮತ್ತೆ ಓಡಿಸಿದರು. ಜನರೂ ತಮ್ಮ ಮಹಡಿಗಳ ಮೇಲೆ ಸೋಲಾರ್ ಹಾಕಿಕೊಂಡರು. ಆ ಭಾರ ಇಳಿದದ್ದನ್ನು ಮರೆಯಬಾರದು.

ಹೊಸ ಸಿಇಓ ಆಯ್ಕೆಯಲ್ಲಿ ಮತ್ತೆ ಗಲಾಟೆ ಆಯಿತು. ಮಂಡಳಿ ಒಂದೇ ಹೆಸರು ಕಳಿಸಿತು. ನಿಯಮದ ಪ್ರಕಾರ ಮೂರು ಕಳಿಸಬೇಕು ಅಂತ ಗೋರ್ಧನ್ ವಾಪಸ್ ಕಳಿಸಿದರು. ಅಧ್ಯಕ್ಷ ಎಂಫೊ ಮಕ್ವಾನಾ 2023ರ ಅಕ್ಟೋಬರ್‌ನಲ್ಲಿ ಹೋದರು, ಮ್ಟೆಟೊ ನ್ಯಾಟಿ ಬಂದರು. ಯಾರು ಸರಿ ಅನ್ನುವುದು ಬೇರೆ ಮಾತು. ಜಗಳ ಪತ್ರಿಕೆಗಳಲ್ಲಿ, ನಿಯಮದ ಪುಸ್ತಕ ಮುಂದಿಟ್ಟುಕೊಂಡು ನಡೆಯಿತು. ಯಾರದೋ ಮನೆಯ ಕೋಣೆಯಲ್ಲಿ ನಡೆಯಲಿಲ್ಲ. 2015ಕ್ಕೂ 2023ಕ್ಕೂ ನಾನು ಕಾಣುವ ವ್ಯತ್ಯಾಸ ಇದು.

2024ರ ಮಾರ್ಚ್ 1ರಂದು ಹೊಸ ಸಿಇಓ ಕೆಲಸಕ್ಕೆ ಸೇರಿದರು. ಹೆಸರು ಡ್ಯಾನ್ ಮರೊಕಾನೆ. ಹೌದು, ಒಂಬತ್ತು ವರ್ಷದ ಹಿಂದೆ ಆರೋಪವಿಲ್ಲದೆ ಅಮಾನತಾದ ಅದೇ ನಾಲ್ವರಲ್ಲಿ ಒಬ್ಬರು. ಅದೇ ತಿಂಗಳ 26ರಿಂದ ಲೋಡ್ ಶೆಡ್ಡಿಂಗ್ ನಿಂತು 300 ದಿನಕ್ಕೂ ಹೆಚ್ಚು ಕಾಲ ಬರಲಿಲ್ಲ. 2025ರ ಮೊದಲ ಅರ್ಧದಲ್ಲಿ ಕೆಲವು ಸಲ ಮರಳಿ ಬಂತು, ಆದರೆ ಹಿಂದಿನಷ್ಟು ದಿನಗಳಲ್ಲ. 2023-24ರಲ್ಲಿ 5,500 ಕೋಟಿ ರ್ಯಾಂಡ್ ನಷ್ಟವಾಗಿದ್ದ ಕಂಪನಿ 2025ರ ಮಾರ್ಚ್‌ಗೆ ಕೊನೆಯಾದ ವರ್ಷದಲ್ಲಿ ತೆರಿಗೆ ಕಳೆದು 1,600 ಕೋಟಿ ಲಾಭ ತೋರಿಸಿತು. ಎಂಟು ವರ್ಷದಲ್ಲಿ ಇದೇ ಮೊದಲ ಲಾಭ.

ನನಗಿನ್ನೂ ಅಳುಕಿದೆ. ನಗರಸಭೆಗಳು ಎಸ್ಕಾಮ್‌ಗೆ ಕೊಡಬೇಕಾದ ಬಾಕಿ 9,000 ಕೋಟಿ ರ್ಯಾಂಡ್ ದಾಟಿದೆ. 2024ರ ಚುನಾವಣೆಯ ನಂತರ ಸಾರ್ವಜನಿಕ ಉದ್ಯಮಗಳ ಇಲಾಖೆಯನ್ನೇ ಮುಚ್ಚಿದರು. ಎಸ್ಕಾಮ್ ಈಗ ವಿದ್ಯುತ್ ಮತ್ತು ಇಂಧನ ಸಚಿವರ ಕೆಳಗಿದೆ. ಬಾಗಿಲು ಕಡಿಮೆಯಾದದ್ದು ಒಳ್ಳೆಯದು. ಆದರೆ ಖಾಸಗಿಯವರಿಗೂ ಎಸ್ಕಾಮ್‌ಗೂ ಸಮನಾಗಿ ನಿಯಮ ಬರೆಯಬೇಕಾದ ಸಚಿವರೇ ಎಸ್ಕಾಮ್‌ನ ಮಾಲೀಕರಾದರೆ, ಎರಡು ಟೋಪಿ ಒಂದೇ ತಲೆಗೆ ಆಗುತ್ತದೆ. ಮುಂದಿನ ಸಿಇಓ ಆಯ್ಕೆ ಬಂದಾಗ ಇದು ಹೇಗೆ ನಡೆಯುತ್ತದೆ ಅಂತ ನೋಡಬೇಕು.

ಕುಸಿಲೆಯ ಆರನೇ ಘಟಕ, ಅಂದರೆ ಮೆಡುಪಿ ಮತ್ತು ಕುಸಿಲೆಯ ಹನ್ನೆರಡು ಘಟಕಗಳಲ್ಲಿ ಕೊನೆಯದು, 2025ರ ಮಾರ್ಚ್‌ನಲ್ಲಿ ಗ್ರಿಡ್‌ಗೆ ಸೇರಿತು. ಕುಸಿಲೆಯ ಕೆಲಸ ಶುರುವಾಗಿದ್ದು 2008ರಲ್ಲಿ. ಆ ಎರಡೂ ಸ್ಥಾವರಗಳನ್ನು ಕಟ್ಟುವ ವಿಭಾಗದ ಮುಖ್ಯಸ್ಥರಾಗಿದ್ದಾಗಲೇ, ಸರಿಯಾಗಿ ಹತ್ತು ವರ್ಷದ ಹಿಂದಿನ ಮಾರ್ಚ್‌ನಲ್ಲಿ, ಮರೊಕಾನೆ ಅವರನ್ನು ಮನೆಗೆ ಕಳಿಸಿದ್ದು.